ಎಂಬತ್ತು ಎಡ ತೋಳುಗಳು

ನಮ್ಮ ಹೊಲಿಗೆ ಯೂನಿಟ್ಟನ್ನು ದೊಡ್ಡ ಜಾಗಕ್ಕೆ ಸಾಗಿಸುವ ಕೆಲಸ ನಡೆದಿದೆ. ಕಳೆದ ಭಾನುವಾರ ಹಳೆಯ ಕಬ್ಬಿಣದ ಬೀರುವನ್ನು ಗೋಡೆಯಿಂದ ಸರಿಸಿದಾಗ ಹಿಂದುಗಡೆಯಿಂದ ಏನೋ ಪಟ್ಟೆಂದು ಕೆಳಗೆ ಬಿತ್ತು. ಎತ್ತಿ ನೋಡಿದರೆ ಪ್ಲಾಸ್ಟಿಕ್ ಕವರಿನೊಳಗಿನ ಒಂದು ಐಡಿ ಕಾರ್ಡು. ನೀಲಿ ದಾರ ಹಾಗೆಯೇ ಇತ್ತು. ಒಳಗೆ ತೇವ ಹೊಕ್ಕು ಫ್ಯಾಕ್ಟರಿಯ ಹೆಸರು, ಕಾರ್ಡಿನವರ ಹೆಸರು ಎರಡೂ ಕರಗಿಹೋಗಿದ್ದವು. ಉಳಿದದ್ದು ಅಂಚೆಚೀಟಿಯಷ್ಟು ದೊಡ್ಡ ಫೋಟೊ, ಅದರ ಕೆಳಗೆ ಒಂದೇ ಒಂದು ಪದ: ಹೆಲ್ಪರ್.

ಫೋಟೊದಲ್ಲಿದ್ದವರು ಈ ಅಂಗಡಿಯ ಒಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು. ಆ ಹೊತ್ತಿಗೆ ಅವರು ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತು ವರ್ಷ ಕಳೆದಿತ್ತು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಅವರ ಕೈಲಿ ಬ್ಲೌಸ್ ಹೊಲಿಸದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹೊಲಿಗೆಯವರಲ್ಲಿ ಬಟ್ಟೆ ಕತ್ತರಿಸುವವರನ್ನು ಮಾಸ್ಟರ್ ಎನ್ನುತ್ತಾರೆ. ಗಿರಾಕಿಗಳು ಅಕ್ಕನನ್ನು ಹಾಗೆಯೇ ಕರೆಯುತ್ತಿದ್ದರು. ಅಂಥವರು ಯಾರದೋ ಫ್ಯಾಕ್ಟರಿಯಲ್ಲಿ ಕೊರಳಿಗೆ ದಾರ ಹಾಕಿಕೊಂಡು ಹೆಲ್ಪರ್ ಆಗಿ ನಿಂತಿದ್ದರು ಎಂದರೆ ಗೊತ್ತಿಲ್ಲದವರು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ಕಂಡವಳು.

ನಾನು ಗದಗಿನ ಕಡೆಯವಳು. ಮದುವೆಯಾಗಿ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದೆ. ಊರಲ್ಲಿ ಹೊಲಿಗೆ ಕಲಿತಿದ್ದೆನಾದ್ದರಿಂದ ಕೆಲಸ ಕೇಳಿಕೊಂಡು ಅಕ್ಕನ ಅಂಗಡಿಗೆ ಹೋದೆ. ಹಳೆಯ ಮನೆಯೊಂದರ ಕೆಳಗಿನ ಭಾಗ. ಒಂದು ಹಾಲ್, ಒಂದು ಕೋಣೆ, ಐದು ಮೆಷಿನ್. ಮೊದಲ ದಿನ ನನ್ನ ಮಾತು ಕೇಳಿ ಉಳಿದವರು ಕಿಸಿಕಿಸಿ ನಕ್ಕಾಗ ಅಕ್ಕ ಕತ್ತರಿಯಿಂದ ತಲೆ ಎತ್ತದೆಯೇ ಹೇಳಿದ್ದರು, “ನಗಬೇಡ್ರೇ. ನಮ್ಮ ಮಾತು ಕೇಳಿದ್ರೆ ಅವರೂರಲ್ಲೂ ಹೀಗೇ ನಗ್ತಾರೆ.”

ಅಲ್ಲಿ ಕತ್ತರಿ ಅಕ್ಕನದು, ಹೊಲಿಗೆ ನಮ್ಮದು. ಅಳತೆ ತೆಗೆಯುವುದು, ಗುರುತು ಹಾಕುವುದು, ಕತ್ತರಿಸುವುದು ಎಲ್ಲ ಅವರೇ. ಬೇರೆ ಯಾರೂ ಆ ಕತ್ತರಿ ಮುಟ್ಟುವಂತಿರಲಿಲ್ಲ. ಅವರಿಗೆ ಜ್ವರ ಬಂದರೆ ನಾವು ಐವರೂ ಖಾಲಿ ಮೆಷಿನ್ ಮುಂದೆ ಕೂತು ಹಳೆಯ ಬ್ಲೌಸುಗಳಿಗೆ ಹುಕ್ಕು ಹಾಕುತ್ತಾ ದಿನ ಕಳೆಯುತ್ತಿದ್ದೆವು. ನಮಗೆ ಅದು ವಿಚಿತ್ರ ಅನ್ನಿಸಿರಲಿಲ್ಲ. ಬಹುಶಃ ಅಕ್ಕನಿಗೂ...

ಜೆ.ಪಿ. ನಗರದ ಕಡೆಯ ಒಂದು ಶಾಲೆಯ ಹೆಡ್‌ಮಿಸ್ ಅಕ್ಕನ ಹಳೆಯ ಗಿರಾಕಿ. ಒಂದು ವರ್ಷ ಬೇಸಿಗೆಗೆ ಮುಂಚೆ ಬಂದು, ತಮ್ಮ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದುಕೊಡುತ್ತೀರಾ ಎಂದು ಕೇಳಿದರು. ಆರುನೂರು ಮಕ್ಕಳು. ಅಕ್ಕ ಆಗೋದಿಲ್ಲ ಎಂದರು. ಆ ಹೆಡ್‌ಮಿಸ್ ಏಳುತ್ತಾ, “ನಿಮ್ಮ ಕೆಲಸ ನಂಗೆ ತುಂಬ ಇಷ್ಟ. ಆದ್ರೆ ನಿಮಗಿರೋದು ಎರಡೇ ಕೈ, ಅದೇ ಪ್ರಾಬ್ಲಂ” ಎಂದು ನಕ್ಕು ಹೋದರು. ತಮಾಷೆಗೆ ಆಡಿದ ಮಾತು. ಆದರೆ ಅಕ್ಕ ಅದನ್ನು ಮರೆಯಲಿಲ್ಲ. ಎಷ್ಟೋ ದಿನ ಗುರುತು ಹಾಕುವ ಸೀಮೆಸುಣ್ಣ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು.

ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ನಮ್ಮೆಲ್ಲರನ್ನು ಕೂರಿಸಿ ಹೇಳಿದರು, “ನಾನು ಸ್ವಲ್ಪ ದಿನ ಹಗಲು ಹೊತ್ತು ಬರಲ್ಲ. ಸಂಜೆ ಆರಕ್ಕೆ ಬಂದು ಮಾರನೇ ದಿನದ್ದು ಕಟ್ ಮಾಡಿಟ್ಟು ಹೋಗ್ತೀನಿ. ನೀವೇ ನೋಡ್ಕೊಳ್ಳಿ.” ಯಾಕೆ ಎಂದು ಕೇಳಿದರೆ, “ಒಂದು ಕೆಲಸ ಇದೆ” ಎಂದರು. ಅಷ್ಟೇ.

ಹೇಳಿದಂತೆಯೇ ದಿನಾ ಸಂಜೆ ಬರುತ್ತಿದ್ದರು. ಕಾಲು ಊದಿಕೊಂಡಿರುತ್ತಿತ್ತು. ಸೆರಗಿಗೆ, ಕೂದಲಿಗೆ ಬಣ್ಣಬಣ್ಣದ ನೂಲಿನ ಧೂಳು. ಮಾತು ಕಡಿಮೆಯಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಹತ್ತಿರದ ಸಿದ್ದಾಪುರದಿಂದ ಬರುತ್ತಿದ್ದ ಆಂಟಿ. ಅವರು ಕುರ್ತಾಗಳಿಗೆ ಹೊಲಿದ ಕಾಲರಿಗೆ ಇಸ್ತ್ರಿಯೇ ಬೇಡ ಎನ್ನುವ ಹಾಗಿರುತ್ತಿತ್ತು. ಆಂಟಿಗೆ ಮೊದಲೇ ಅನುಮಾನ ಜಾಸ್ತಿ. ಅದೇ ವಾರ ಯಾರೋ ಒಬ್ಬ ಗಂಡಸು ಟೇಪು ಹಿಡಿದುಕೊಂಡು ಬಂದು, ಹಾಲ್‌ನ ಉದ್ದ ಅಗಲ ಅಳೆದು, ಏನೂ ಹೇಳದೆ ಹೋದ. ಆಂಟಿ ಆ ದಿನ ಊಟದ ಡಬ್ಬಿ ತೆರೆಯಲೇ ಇಲ್ಲ.

“ಅಂಗಡಿ ಮಾರ್ತಾವ್ರೆ ಕಣ್ರೇ. ಜಾಗ ನೋಡೋಕೆ ಬಂದಿದ್ದ ಅವನು. ಬೇರೆ ಕಡೆ ಕೆಲಸ ಹುಡುಕ್ಕೊಳ್ಳಿ ಈಗಲೇ.”

ನನ್ನ ಎದೆ ಧಸಕ್ಕೆಂದಿತು. ಆಗ ನನ್ನ ಗಂಡನಿಗೆ ಕೆಲಸ ನೆಟ್ಟಗಿರಲಿಲ್ಲ. ಮಗಳಿಗೆ ಮೂರು ವರ್ಷ. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಿದ್ದೆ. ಮತ್ತೊಂದು ಕಡೆ ಇಷ್ಟು ಮರ್ಯಾದೆಯ ಕೆಲಸ ಸಿಗುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಎರಡು ವಾರ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಹೊಲಿದೆವು. ಸಂಜೆ ಅಕ್ಕ ಬಂದಾಗ ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಅವರೂ ನಮ್ಮ ಮುಖ ನೋಡುವಷ್ಟು ಎಚ್ಚರದಲ್ಲಿರಲಿಲ್ಲ.

ಒಂದು ಶನಿವಾರ ಮಗಳಿಗೆ ಕಿವಿನೋವೆಂದು ಅರ್ಧ ದಿನ ರಜೆ ಹಾಕಿ ಬಿಳೇಕಹಳ್ಳಿಯ ಡಾಕ್ಟರ ಬಳಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಗೊಟ್ಟಿಗೆರೆ ಕಡೆಯಿಂದ ಬಂದ ಬಸ್ಸೊಂದು ನಿಂತಿತು. ಶಿಫ್ಟು ಮುಗಿಸಿದ ಗಾರ್ಮೆಂಟ್ಸ್ ಹೆಂಗಸರು ದಬದಬ ಇಳಿದರು. ಅವರ ನಡುವೆ, ಕೊರಳಲ್ಲಿ ನೀಲಿ ದಾರದ ಕಾರ್ಡು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಇಳಿದವರು ನಮ್ಮ ಅಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಂಬದ ಹಾಗೆ ನಿಂತೆವು. ಅವರು ಮೊದಲು ಕಾರ್ಡನ್ನು ಸೆರಗಿನೊಳಗೆ ಸೇರಿಸಿದರು. ಆಮೇಲೆ ಮತ್ತೆ ಹೊರಗೆ ತೆಗೆದು ನಕ್ಕರು.

“ಸಿಕ್ಕಾಕ್ಕೊಂಡೆ ನೋಡು” ಎಂದರು.

ನನಗೆ ಅಳು ಬಂತು. “ಅಕ್ಕಾರ, ಅಂಗಡಿ ಮಾರಾಕತ್ತೀರೇನ್ರಿ? ಇಷ್ಟ್ ತ್ರಾಸ ಐತೇನ್ರಿ ನಿಮಗ?”

“ಅಂಗಡಿ ಮಾರೋದಾ? ಯಾರೇ ಹೇಳಿದ್ದು ನಿಂಗೆ?”

ಅಲ್ಲೇ ಸ್ಟಾಪಿನ ಕಲ್ಲಿನ ಮೇಲೆ ಕೂತು, ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲ ಹೇಳಿದರು. ಹೆಡ್‌ಮಿಸ್ ಮತ್ತೆ ಕೇಳಿದ್ದಾರೆ. ಅಕ್ಕ ಈ ಸಲ ಒಪ್ಪಿದ್ದಾರೆ. ಆದರೆ ಆರುನೂರು ಮಕ್ಕಳ ಬಟ್ಟೆಯನ್ನು ಒಂದೊಂದಾಗಿ ಕತ್ತರಿಸಿದರೆ ಮುಗಿಯುವ ಮಾತಲ್ಲ. ಫ್ಯಾಕ್ಟರಿಗಳಲ್ಲಿ ಬಟ್ಟೆಯನ್ನು ಒಂದರ ಮೇಲೊಂದು ಪದರಪದರವಾಗಿ ಹಾಸಿ ಕರೆಂಟಿನ ಕತ್ತರಿಯಲ್ಲಿ ಒಟ್ಟಿಗೆ ಕತ್ತರಿಸುತ್ತಾರೆ. ಅದು ಅಕ್ಕನಿಗೆ ಬರುತ್ತಿರಲಿಲ್ಲ. ಕಲಿಯಲು ಹೆಲ್ಪರ್ ಆಗಿ ಸೇರಿಕೊಂಡಿದ್ದರು. ಟೇಪು ಹಿಡಿದು ಬಂದವನು ಬಡಗಿ. ಉದ್ದನೆಯ ಕಟಿಂಗ್ ಟೇಬಲ್ಲಿಗೆ ಅಳತೆ ತೆಗೆದುಕೊಂಡು ಹೋಗಿದ್ದ.

“ಮತ್ತ ನಮಗ ಯಾಕ ಹೇಳಲಿಲ್ರಿ?”

“ಕಲಿಯೋಕೆ ಆಗ್ದೆ ವಾಪಸ್ ಬಂದಿದ್ರೆ? ಅಲ್ಲಿ ನನ್ನ ಮಗಳಿಗಿಂತ ಚಿಕ್ಕ ಹುಡುಗಿ ಸೂಪರ್‌ವೈಸರ್ರು. ಮೊದಲನೇ ದಿನಾನೇ ‘ಆಂಟಿ, ಬಟ್ಟೆ ಹಾಸೋಕೂ ಬರಲ್ವಾ’ ಅಂತ ಎಲ್ಲರ ಮುಂದೆ ಬೈದ್ಳು. ಮನೆಗೆ ಹೋಗಿ ಅತ್ತಿದೀನಿ.” ನನ್ನ ಮಗಳ ಕಿವಿಗೆ ಸೆರಗು ಹೊದಿಸುತ್ತಾ ಅಂದರು, “ಆದ್ರೆ ಒಂದು ಮಾತು. ಅಲ್ಲಿ ಯಾರು ಬರದಿದ್ರೂ ಕೆಲಸ ನಿಲ್ಲಲ್ಲ. ನಮ್ಮಲ್ಲಿ ನಂಗೆ ಜ್ವರ ಬಂದ್ರೆ ಐದು ಮೆಷಿನ್ ನಿಲ್ತವೆ. ಇಷ್ಟು ವರ್ಷ ಅದನ್ನೇ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ.”

ಆ ದಿನ ಮನೆಗೆ ಹೋಗುವಾಗ ಮೈ ಎಷ್ಟು ಹಗುರವಾಗಿತ್ತೆಂದರೆ, ಕಿವಿನೋವಿನ ಮಗುವನ್ನು ಎತ್ತಿಕೊಂಡು ಎರಡು ಸ್ಟಾಪು ನಡೆದೇ ಹೋದೆ. ಸೋಮವಾರ ಸುದ್ದಿ ಹೇಳಿದಾಗ ಸಿದ್ದಾಪುರದ ಆಂಟಿ, “ನಂಗೆ ಮೊದಲೇ ಗೊತ್ತಿತ್ತು” ಎಂದರು.

ಫ್ಯಾಕ್ಟರಿಯ ಕೆಲಸ ಬಿಟ್ಟು ಬಂದ ಮೇಲೆ ಅಕ್ಕ ಮೊದಲು ಮಾಡಿದ್ದು ನಮ್ಮ ಜಾಗ ಬದಲಿಸಿದ್ದು. ವಾರಕ್ಕೆರಡು ದಿನ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಬೇಕು. ಗುಂಡಿಯ ಕಾಜಾ ಹಾಕುವವಳು ತೋಳು ಕೂಡಿಸಬೇಕು, ತೋಳು ಕೂಡಿಸುವವಳು ಪಾಕೆಟ್ ಹಾಕಬೇಕು. ಆಂಟಿಗೆ ಇದು ಸರಿಬರಲಿಲ್ಲ. ಹದಿನೈದು ವರ್ಷದಿಂದ ಕಾಲರ್ ಅವರದ್ದು. ಅದನ್ನು ಬೇರೆಯವರ ಕೈಗೆ ಕೊಡಿ ಎಂದರೆ ತನ್ನನ್ನು ಮನೆಗೆ ಕಳಿಸುವ ದಾರಿ ಎಂದುಕೊಂಡರು. ಮೂರು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಒಬ್ಬರೇ ತಿನ್ನುತ್ತಿದ್ದರು.

ನಾಲ್ಕನೆಯ ದಿನ ಅಕ್ಕ ಒಂದು ಸ್ಟೂಲು ಎಳೆದುಕೊಂಡು ಆಂಟಿಯ ಮೆಷಿನ್ ಪಕ್ಕದಲ್ಲಿ ಕೂತರು. “ನಿಮ್ಮಷ್ಟು ಚೆನ್ನಾಗಿ ಕಾಲರ್ ನಂಗೂ ಬರಲ್ಲ. ಯಾರ ಹತ್ರಾನೂ ಹೇಳಿಲ್ಲ ಅಷ್ಟೇ. ಮೊದಲು ನಂಗೆ ಹೇಳ್ಕೊಡಿ” ಎಂದರು. ಆಂಟಿ ನಂಬದೆ ನೋಡಿದರು. ಅಕ್ಕ ಹೊಲಿದ ಮೊದಲ ಕಾಲರಿನ ತುದಿ ನಿಜವಾಗಿಯೂ ಸೊಟ್ಟಗಿತ್ತು. ಆಂಟಿ ಅದನ್ನು ಬಿಚ್ಚಿ, “ಇಲ್ಲಿ ಹಿಂಗೆ ಎಳೀಬಾರ್ದು ಮಾಸ್ಟ್ರೇ” ಎಂದು ಕೈ ಹಿಡಿದು ತೋರಿಸಿದರು. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಒಳಗೆ ಬಂದರು. ಆಮೇಲೆ ನಮಗೆ ಕಾಲರ್ ಕಲಿಸುವಾಗ ಅವರಷ್ಟು ಕಠಿಣವಾದ ಗುರು ಬೇರೆ ಯಾರೂ ಇರಲಿಲ್ಲ.

ಸಂಕ್ರಾಂತಿ ಆದ ಮೇಲೆ ಕಟಿಂಗ್ ಟೇಬಲ್ ಬಂತು. ಹಾಲ್‌ನ ಅರ್ಧ ಅದೇ ತುಂಬಿತು. ಅಕ್ಕ ಕರೆಂಟಿನ ಕತ್ತರಿಯನ್ನು ಅದರ ಮೇಲಿಟ್ಟು ನನ್ನನ್ನು ಕರೆದರು. “ಇದು ನಿಂದು” ಎಂದರು.

“ನನಗ ಆಗಂಗಿಲ್ರಿ ಅಕ್ಕಾರ. ಹೊಲಿಗಿ ತಪ್ಪಿದ್ರ ಬಿಚ್ಚಬಹುದು. ಕತ್ತರಿಸಿದ್ದು ಕೂಡಸಾಕ ಬರ್ತೈತೇನ್ರಿ?”

“ಬರಲ್ಲ. ಅದಕ್ಕೇ ಇಷ್ಟು ವರ್ಷ ಯಾರಿಗೂ ಕೊಡ್ಲಿಲ್ಲ” ಎಂದರು. ಅಷ್ಟು ಹೇಳಿ ಬಟ್ಟೆ ಹಾಸಲು ಶುರುಮಾಡಿದರು.

ಎರಡು ತಿಂಗಳು ಕಲಿಸಿದರು. ಫ್ಯಾಕ್ಟರಿಯಲ್ಲಿ ಕಲಿತದ್ದನ್ನೆಲ್ಲ ಕೊಟ್ಟರು. ಅಲ್ಲಿಯ ಒಂದು ಪದ್ಧತಿಯನ್ನು ಮಾತ್ರ ತರಲಿಲ್ಲ. ಅಲ್ಲಿ ಕೆಲಸದ ಹೊತ್ತಿನಲ್ಲಿ ಮಾತಾಡುವಂತಿರಲಿಲ್ಲವಂತೆ. “ಅದೊಂದು ನಂಗೆ ಬೇಡ. ಬಾಯಿ ಮುಚ್ಕೊಂಡು ಹೊಲಿಯೋಕೆ ನಾವೇನು ಜೈಲಲ್ಲಿದೀವಾ” ಎನ್ನುತ್ತಿದ್ದರು.

ಏಪ್ರಿಲ್ ಕೊನೆಯಲ್ಲಿ ಶಾಲೆಯ ಶರ್ಟಿನ ಬಟ್ಟೆ ಬಂತು. ಒಂದು ಕಡೆ ಚೌಕಳಿ ಅಚ್ಚು, ಇನ್ನೊಂದು ಕಡೆ ಪೇಲವ. ಅಂದರೆ ಒಳಮೈ, ಹೊರಮೈ ಬೇರೆಬೇರೆ. ಒಂದು ಬೆಳಿಗ್ಗೆ ಅಕ್ಕ ಹೊಸದಾಗಿ ಸೇರಿದ ಮಕ್ಕಳ ಅಳತೆ ನೋಡಲು ಶಾಲೆಗೆ ಹೋದರು. ಹೋಗುವಾಗ, “ಐದನೇ ಕ್ಲಾಸಿನ ಸೈಜು ಕಟ್ ಮಾಡಿಡು. ನಾನು ಬರೋವರೆಗೂ ಕಾಯಬೇಡ” ಎಂದರು. ಅವರಿಲ್ಲದೆ ಕತ್ತರಿಸುವುದು ಅದೇ ಮೊದಲು. ನಲವತ್ತು ಪದರ ಹಾಸಿದೆ. ಹೊರಮೈ ಎಲ್ಲ ಮೇಲ್ಮುಖ. ರಟ್ಟಿನ ಅಚ್ಚುಗಳನ್ನು ಇಟ್ಟು ಗುರುತು ಹಾಕಿದೆ. ದೇವರ ಹೆಸರು ಹೇಳಿ ಕತ್ತರಿಸಿದೆ. ಅಂಚು ಬೆಣ್ಣೆ ಕತ್ತರಿಸಿದಂತೆ ಬಂತು. ಆ ಹೊತ್ತಿನ ನನ್ನ ಹೆಮ್ಮೆ ಏನೆಂದು ಹೇಳಲಿ...

ಅರ್ಧ ಗಂಟೆಯಲ್ಲಿ ಆಂಟಿ ಮೆಷಿನ್ ನಿಲ್ಲಿಸಿ ಕೂಗಿದರು. “ಏನಮ್ಮಾ ಇದು? ಎಲ್ಲಾ ಎಡಗೈದೇ ಇದೆಯಲ್ಲ! ಬಲಗೈದು ಎಲ್ಲಿ?”

ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಹೆಚ್ಚು ಒಳಗೆ ಕತ್ತರಿಸಿರುತ್ತಾರೆ. ಹಾಗಾಗಿ ಎಡ ತೋಳು ಬಲಕ್ಕೆ ಬರುವುದಿಲ್ಲ. ತೋಳಿನ ರಟ್ಟು ಒಂದೇ ಇರುತ್ತದೆ. ಒಮ್ಮೆ ಹಾಗೇ ಇಟ್ಟು, ಇನ್ನೊಮ್ಮೆ ಮಗುಚಿ ಇಟ್ಟು ಗುರುತು ಹಾಕಬೇಕು. ನಾನು ಮಗುಚುವುದನ್ನು ಮರೆತಿದ್ದೆ. ನಲವತ್ತು ಶರ್ಟಿಗೆ ಎಂಬತ್ತು ತೋಳು. ಎಂಬತ್ತೂ ಎಡ.

ನಾನು ಟೇಬಲ್ ಕೆಳಗೆ ಕೂತುಬಿಟ್ಟೆ. ಅಷ್ಟರಲ್ಲಿ ಅಕ್ಕ ಬಂದರು. ಬಾಗಿಲಲ್ಲೇ ಆಂಟಿ ವರದಿ ಒಪ್ಪಿಸಿದರು. ಅಕ್ಕ ಟೇಬಲ್ ಹತ್ತಿರ ಬಂದು ತೋಳುಗಳ ಕಟ್ಟನ್ನು ಒಮ್ಮೆ ಎತ್ತಿ ನೋಡಿ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಅವರು ಸ್ಟೂಲಿನ ಮೇಲೆ ಕೂತು ನೀರು ಕುಡಿದರು.

“ಆಯ್ತು. ಈಗ ಏನ್ ಮಾಡೋಣ ಹೇಳು” ಎಂದರು ನನಗೆ.

“ಗೊತ್ತಿಲ್ರಿ...”

“ಯೋಚನೆ ಮಾಡು. ನಂಗೇನೂ ಅವಸರ ಇಲ್ಲ.”

“ನೀವೇ ಕತ್ತರಿ ತಗೊಳ್ಳಿ ಮಾಸ್ಟ್ರೇ, ಇವಳಿಗೆ ಯಾಕೆ ಇದೆಲ್ಲ” ಎಂದು ಆಂಟಿ ಅಂದರು. ಅಕ್ಕ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಶಾಲೆಯ ಮಕ್ಕಳ ಹಾಗೆ ಕೂತಿದ್ದರು. ಬೀದಿಯ ಕಡೆ ನೋಡುತ್ತಿದ್ದರು.

ನಾನು ಎದ್ದೆ. ಒಂದು ತೋಳು ಎತ್ತಿ ಮಗುಚಿದೆ. ಆಕಾರ ಬಲಗೈಗೆ ಸರಿಹೋಯಿತು, ಆದರೆ ಪೇಲವ ಮೈ ಮೇಲೆ ಬಂತು. ಅದು ಆಗದು. ಮತ್ತೆ ಇಟ್ಟೆ. ಹೊಸದಾಗಿ ತೋಳು ಕತ್ತರಿಸಲು ಅಷ್ಟು ಹೆಚ್ಚಿನ ಬಟ್ಟೆ ಇರಲಿಲ್ಲ. ಎಷ್ಟು ಹೊತ್ತಾಯಿತೋ... ಗೋಡೆಗೆ ಅಂಟಿಸಿದ್ದ ಅಳತೆಯ ಪಟ್ಟಿಯನ್ನು ಸುಮ್ಮನೆ ನೋಡುತ್ತಿದ್ದೆ. ಐದನೇ ಕ್ಲಾಸಿನ ಸೈಜಿನ ಶರ್ಟು ಒಟ್ಟು ಎಂಬತ್ತು ಬೇಕಿತ್ತು. ನಾನು ಕತ್ತರಿಸಿದ್ದು ಅದರಲ್ಲಿ ಅರ್ಧ. ಇನ್ನೂ ನಲವತ್ತು ಬಾಕಿ. ಆ ನಲವತ್ತಕ್ಕೂ ಎಂಬತ್ತು ತೋಳು ಕತ್ತರಿಸಬೇಕು.

“ಅಕ್ಕಾರ!” ನನ್ನ ಗಂಟಲಿನಿಂದ ಕಿರುಚಿದ ಹಾಗೆ ಬಂತು. “ಮುಂದಿನ ಹಾಸಿನ್ಯಾಗ ರಟ್ಟು ಎರಡೂ ಸಲ ಮಗುಚಿ ಇಡೂಣ್ರಿ. ಅವು ಎಂಬತ್ತೂ ಬಲ ಬರ್ತಾವು. ಇವು ಎಂಬತ್ತು ಎಡ. ಎರಡೂ ಕೂಡಿ ಎಂಬತ್ತು ಶರ್ಟಿಗೆ ಬರೋಬ್ಬರಿ ಆಕ್ಕೈತ್ರಿ!”

ಅಕ್ಕ ತೊಡೆಯ ಕೆಳಗಿಂದ ಕೈ ತೆಗೆದರು. “ಅಬ್ಬಾ” ಎಂದು ಜೋರಾಗಿ ಉಸಿರು ಬಿಟ್ಟರು. ಆಂಟಿ ಬೆರಳಲ್ಲಿ ಲೆಕ್ಕ ಹಾಕಿ, ಇನ್ನೊಮ್ಮೆ ಹಾಕಿ, “ಹೌದಲ್ವೇ!” ಎಂದರು. ನಾವೆಲ್ಲ ಯಾಕೆ ನಗುತ್ತಿದ್ದೇವೆ ಎಂದು ಗೊತ್ತಿಲ್ಲದೆ ನಕ್ಕೆವು. ಒಂದು ತುಂಡು ಬಟ್ಟೆಯೂ ಹಾಳಾಗಲಿಲ್ಲ.

ಎಷ್ಟೋ ದಿನಗಳ ನಂತರ ಕೇಳಿದೆ, ಆ ಹೊತ್ತಿಗೆ ಅವರಿಗೆ ಉಪಾಯ ಹೊಳೆದಿತ್ತೇ ಎಂದು. “ಕಟ್ಟು ಎತ್ತಿದ ತಕ್ಷಣ ಗೊತ್ತಾಯ್ತು ಕಣೇ. ಹೇಳಿಬಿಟ್ಟಿದ್ರೆ ಮುಂದಿನ ಸಲಾನೂ ನೀನು ನನ್ನ ಮುಖಾನೇ ನೋಡ್ತಿದ್ದೆ. ಆದ್ರೆ ಬಾಯಿ ಮುಚ್ಕೊಂಡು ಕೂರೋದಿದೆಯಲ್ಲ... ಆ ಫ್ಯಾಕ್ಟರಿ ಹುಡುಗಿ ಕೈಲಿ ಬೈಸ್ಕೊಂಡು ಕಲಿತದ್ದಕ್ಕಿಂತ ಕಷ್ಟ ಆಯ್ತು” ಎಂದರು.

ಶಾಲೆ ತೆರೆಯುವ ಎರಡು ದಿನ ಮೊದಲು ಕೊನೆಯ ಮೂಟೆ ಆಟೋ ಹತ್ತಿತು. ಅಕ್ಕ ನಮ್ಮೆಲ್ಲರನ್ನು ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕೊಡಿಸಿದರು. ಫುಟ್‌ಪಾತಿನ ಮೇಲೆ ನಿಂತು ಹುಳಿಗೆ ಕಣ್ಣು ಮುಚ್ಚಿಕೊಂಡು ತಿಂದೆವು. ಆರು ತಿಂಗಳಿಂದ ಹೆಗಲ ಮೇಲಿದ್ದದ್ದು ಇಳಿದ ಹಾಗಿತ್ತು.

ಆಮೇಲೆ ಇನ್ನೆರಡು ಶಾಲೆ ಬಂದವು. ಅಕ್ಕ ಗೊಟ್ಟಿಗೆರೆಯಲ್ಲಿ ಇನ್ನೊಂದು ಯೂನಿಟ್ ತೆರೆದು ಅಲ್ಲಿಯ ಉಸ್ತುವಾರಿ ಆಂಟಿಗೆ ಕೊಟ್ಟರು. ಜಯನಗರದ್ದು ನನ್ನ ಪಾಲಿಗೆ ಬಂತು. ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದ್ದಾಗ ಮಾಸ್ಕು, ಆಸ್ಪತ್ರೆಯ ಗೌನು ಹೊಲಿದು ಉಳಿದೆವು; ಎಲ್ಲರಿಗೂ ಎಲ್ಲ ಕೆಲಸ ಬರುತ್ತಿದ್ದರಿಂದಲೇ ಅದು ಸಾಧ್ಯವಾಯಿತು. ಅಕ್ಕ ಬರುವುದು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಆಮೇಲೆ ಮೈಸೂರಿನ ಮಗಳ ಮನೆಯಲ್ಲೇ ಹೆಚ್ಚು ಇರತೊಡಗಿದರು. ಫೋನ್ ಮಾಡಿದರೆ ಕೆಲಸದ ಮಾತು ಎತ್ತುತ್ತಿರಲಿಲ್ಲ. ನನ್ನ ಮಗಳ ಕಿವಿ ಹೇಗಿದೆ ಎಂದು ಕೇಳುತ್ತಿದ್ದರು. ಅದು ವಾಸಿಯಾಗಿ ಎಷ್ಟೋ ವರ್ಷವಾಗಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ, ಕೆಲಸ ಉಸಿರುಕಟ್ಟುವಷ್ಟು ಇದ್ದಾಗ, ಅವರ ಮಗಳ ಫೋನ್ ಬಂತು. ಮಲಗಿದ್ದ ಹಾಗೇ ಹೋದರಂತೆ. ಮೈಸೂರಿಗೆ ಹೋಗಿ ಬಂದ ಮರುದಿನ ಯೂನಿಟ್ಟಿನ ಎದುರಿನ ಇಸ್ತ್ರಿ ಅಂಗಡಿಯವರಿಗೆ ಸುದ್ದಿ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು.

“ಹೋದ್ ತಿಂಗ್ಳು ಬಂದಿದ್ರಲ್ಲ ಮೇಡಂ.”

“ಯಾರು?”

“ಅವ್ರೇ. ನಿಮ್ ಬಾಗ್ಲಲ್ಲಿ ಹತ್ತು ನಿಮಿಷ ನಿಂತಿದ್ರು. ಕರೀಲಾ ಅಂದೆ. ಬೇಡಪ್ಪ, ಎಲ್ಲಾರೂ ಕೆಲಸದಲ್ಲಿದಾರೆ ಅಂದ್ರು. ಇಲ್ಲೇ ಕೂತು ಎಳನೀರು ಕುಡಿದು ಆಟೋ ಹತ್ಕೊಂಡು ಹೋದ್ರು.”

ನಾನು ಕೇಳಿದೆ, ಬೇಜಾರಲ್ಲಿದ್ದರಾ ಎಂದು.

“ಇಲ್ಲ ಮೇಡಂ. ನಗ್ತಿದ್ರು.”

ಅವರು ಬಂದಿದ್ದ ದಿನ ಒಳಗೆ ನಾವು ಹದಿನಾಲ್ಕು ಜನ ಇದ್ದೆವು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಈ ಮಾತು ನನ್ನನ್ನು ತಿಂಗಳುಗಟ್ಟಲೆ ಕೊರೆಯಿತು. ನೋಡಿದ್ದರೆ ಒಳಗೆ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ನನ್ನ ಕೈ ಹಿಡಿದು ಮಾತಾಡುತ್ತಿದ್ದರು. ಅಷ್ಟು ನನಗೆ ಸಿಗಬೇಕಿತ್ತು. ಸಿಗಲಿಲ್ಲ.

ನಾಡಿದ್ದು ಟೆಂಪೊ ಬರುತ್ತದೆ. ಹೊಸ ಜಾಗ ಬನಶಂಕರಿಯಲ್ಲಿ, ಇದರ ಮೂರರಷ್ಟು ದೊಡ್ಡದು. ಹೋದ ಸಲ ಅಂಗಡಿ ಬೆಳೆದಾಗ ನನಗಿಂತ ಮೊದಲು ಹೆದರಿಕೊಳ್ಳಲು ಅವರಿದ್ದರು. ಈ ಸಲ ಹೆದರಿಕೆಯೂ ನನ್ನೊಬ್ಬಳದೇ. ಆದರೂ ಎದೆ ಅಂಗಡಿ ಮಾರುತ್ತಾರೆಂದು ಕೇಳಿದ ದಿನದ ಹಾಗೆ ಧಸಕ್ಕೆನ್ನುವುದಿಲ್ಲ. ಇವತ್ತು ಮಧ್ಯಾಹ್ನ ಮೂಟೆ ಕಟ್ಟುವುದನ್ನು ನಿಲ್ಲಿಸಿ ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಹದಿನಾಲ್ಕು ಮೆಷಿನ್ನೂ ಒಂದೇ ನೋಟಕ್ಕೆ ಕಾಣುತ್ತವೆ. ತಾವಿಲ್ಲದೆಯೂ ಒಂದೂ ನಿಲ್ಲದೆ ಓಡುತ್ತಿದ್ದದ್ದನ್ನು ಅವರು ನೋಡಿಕೊಂಡೇ ಹೋಗಿದ್ದಾರೆ.